ದೋಣಿ ಎಂಜಿನ್ನಿನ ನೀರಿನ ಒತ್ತಡ: ಗೇಜಿನ ಮುಳ್ಳನ್ನು ಓದುವುದು ಹೇಗೆ, ಎಂಜಿನ್ ಕಾಯದಂತೆ ನೋಡಿಕೊಳ್ಳುವುದು ಹೇಗೆ

ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಪ್ರೆಶರ್ ಗೇಜು ಹೊಸದೇನಲ್ಲ. ಡ್ರಿಪ್ ಫಿಲ್ಟರಿಗೆ ನೀರು ಹೋಗುವ ಕಡೆ ಒಂದು, ಹೊರಬರುವ ಕಡೆ ಒಂದು ಗೇಜು ಇರುತ್ತದೆ. ಫಿಲ್ಟರಿನಲ್ಲಿ ಕೆಸರು ಕಟ್ಟಿದರೆ ಮೊದಲ ಗೇಜಿನ ಮುಳ್ಳು ಏರುತ್ತದೆ, ಗಿಡದ ಬುಡಕ್ಕೆ ಬೀಳುವ ಹನಿ ಮಾತ್ರ ಕಮ್ಮಿಯಾಗುತ್ತದೆ. ಮುಳ್ಳು ಮೇಲೆ ಹೋಯಿತು ಅಂದ ಮಾತ್ರಕ್ಕೆ ನೀರು ಜಾಸ್ತಿ ಹರಿಯುತ್ತಿದೆ ಎಂದು ಯಾವ ತೋಟದವನೂ ಭಾವಿಸುವುದಿಲ್ಲ. ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆ, ಅಂದರೆ ಹಿಂಬದಿ ಹಲಗೆಗೆ ಹೊರಗಿನಿಂದ ಕಟ್ಟುವ ಎಂಜಿನ್ನಿಗೆ, ಕೂರಿಸುವ ವಾಟರ್ ಪ್ರೆಶರ್ ಗೇಜಿಗೂ ಇದೇ ಲೆಕ್ಕ. ಅಲ್ಲಿರುವುದು ಒಂದೇ ಗೇಜು, ಅದೂ ದಾರಿಯ ನಡುವಿನ ಒಂದು ಜಾಗದ ಒತ್ತಡವನ್ನಷ್ಟೇ ತೋರಿಸುತ್ತದೆ. ಆರ್‌ಪಿಎಂ ಎಷ್ಟಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬ ಇನ್ನೆರಡು ಅಂಕಿ ಪಕ್ಕದಲ್ಲಿಲ್ಲದಿದ್ದರೆ ಆ ಮುಳ್ಳಿಗೆ ಅರ್ಥವೇ ಇಲ್ಲ.

ನೀರು ಹೋಗುವ ದಾರಿ

ಕಾರು, ಲಾರಿಗಳಂತೆ ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ತೇಲುತ್ತಿರುವ ಕೆರೆಯೇ ಅದರ ರೇಡಿಯೇಟರ್. ಎಂಜಿನ್ನಿನ ಕಾಲಿನ ಕೆಳಭಾಗದಲ್ಲಿ, ಪ್ರೊಪೆಲ್ಲರಿಗಿಂತ ಸ್ವಲ್ಪ ಮುಂದೆ, ಎರಡೂ ಪಕ್ಕದಲ್ಲಿ ಜಾಲರಿ ತೂತುಗಳಿವೆ. ಅಲ್ಲಿಂದ ಎಳೆದ ನೀರನ್ನು ಕಾಲಿನೊಳಗೇ ಕೂತಿರುವ ರಬ್ಬರ್ ಇಂಪೆಲ್ಲರ್ ಪಂಪು ಒಂದು ಉದ್ದನೆಯ ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಎಕ್ಸಾಸ್ಟ್ ದಾರಿ, ಸಿಲಿಂಡರ್, ಹೆಡ್ ಎಲ್ಲವನ್ನೂ ಸುತ್ತಿದ ನೀರು ಥರ್ಮೋಸ್ಟಾಟ್ (ಬಿಸಿಗೆ ತಾನಾಗಿ ತೆರೆಯುವ ವಾಲ್ವ್) ದಾಟಿ, ಹೊಗೆಯ ಜೊತೆಗೇ ಕೆಳಗಿಳಿದು ಕೆರೆಗೆ ವಾಪಸಾಗುತ್ತದೆ.

ಇಂಪೆಲ್ಲರ್ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅರ್ಧ ರೋಗಪತ್ತೆ ಮುಗಿದಂತೆ. ಅದು ಕೂತಿರುವ ಬಟ್ಟಲು ಶಾಫ್ಟಿಗೆ ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಅಗಲವಿರುವ ಕಡೆ ರಬ್ಬರ್ ರೆಕ್ಕೆ ಬಿಚ್ಚಿಕೊಂಡು ನೀರು ಎಳೆದುಕೊಳ್ಳುತ್ತದೆ, ಇಕ್ಕಟ್ಟಾದ ಕಡೆ ಬಾಗಿ ಹಿಂಡುತ್ತದೆ. ಎಂಜಿನ್ ನಿಧಾನವಾಗಿದ್ದಾಗ ರೆಕ್ಕೆಯ ತುದಿ ಬಟ್ಟಲಿನ ಗೋಡೆಗೆ ಒತ್ತಿಕೊಂಡೇ ತಿರುಗುತ್ತದೆ. ವೇಗ ಹೆಚ್ಚಿದಂತೆ ನೀರಿನ ಒತ್ತಡಕ್ಕೆ ರೆಕ್ಕೆ ಹಿಂದಕ್ಕೆ ಮಡಚಿ, ಗೋಡೆಯಿಂದ ಬಿಟ್ಟುಕೊಂಡು, ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪಿನಂತೆ ನೀರು ಎಸೆಯುತ್ತದೆ. ಹಾಗಾಗಿ ರೆಕ್ಕೆ ಸವೆದು ಮೆತ್ತಗಾದ ಪಂಪು ಮೊದಲು ಕೈಕೊಡುವುದು ಸ್ಲೋದಲ್ಲಿ. ಜೋರಾಗಿ ಓಡಿಸುವಾಗ ಇನ್ನೂ ಕೆಲವು ತಿಂಗಳು ಏನೂ ಆಗದಂತೆ ನಟಿಸುತ್ತದೆ.

ಥರ್ಮೋಸ್ಟಾಟ್ ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಬಹುತೇಕ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಹಳೆಯ ಟೂ ಸ್ಟ್ರೋಕ್‌ಗಳಲ್ಲಿ 50ರ ಹತ್ತಿರ ತೆರೆಯುತ್ತದೆ. ಇದರ ಜೊತೆಗೆ ಅನೇಕ ಎಂಜಿನ್ನುಗಳಲ್ಲಿ ಸ್ಪ್ರಿಂಗ್ ಇರುವ ಒಂದು ಪ್ರೆಶರ್ ವಾಲ್ವ್ ಇದೆ. ವೇಗ ಹೆಚ್ಚಿ ಒತ್ತಡ ಏರಿದಾಗ ಅದು ಬಾಯಿಬಿಟ್ಟು ಹೆಚ್ಚಿನ ನೀರಿಗೆ ನೇರ ದಾರಿ ಕೊಡುತ್ತದೆ. ಥ್ರಾಟಲ್ ಏರಿಸುತ್ತಾ ಹೋದಾಗ ನಡುವೆ ಎಲ್ಲೋ ಮುಳ್ಳು ಚೂರು ಕುಸಿದು ಮತ್ತೆ ಏರಿದರೆ ಗಾಬರಿ ಬೇಡ, ಈ ವಾಲ್ವ್ ತೆರೆದಿದೆ ಅಷ್ಟೆ.

ಎಷ್ಟು ಇರಬೇಕು?

ಸಾಮಾನ್ಯವಾಗಿ ಸ್ಲೋದಲ್ಲಿ 1ರಿಂದ 5 ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಪೂರ್ತಿ ಥ್ರಾಟಲ್‌ನಲ್ಲಿ 10ರಿಂದ 25 ಪಿಎಸ್‌ಐ. ಇಷ್ಟು ಅಗಲದ ಅಂದಾಜಿನಿಂದ ನಿಮ್ಮ ದೋಣಿಗೆ ದೊಡ್ಡ ಉಪಯೋಗವಿಲ್ಲ. ಒಂದೇ ಕಂಪನಿಯ 40 ಎಚ್‌ಪಿ ಎಂಜಿನ್ನಿಗೂ 115 ಎಚ್‌ಪಿ ಎಂಜಿನ್ನಿಗೂ ಅಂಕಿ ಬೇರೆ. ಸ್ಲೋದಲ್ಲಿ 1 ಪಿಎಸ್‌ಐ ಎಂದರೆ ತೀರಾ ಕಮ್ಮಿ ಎನಿಸಬಹುದು, ಆದರೆ 1 ಪಿಎಸ್‌ಐ ಎಂದರೆ ನೀರನ್ನು 2.3 ಅಡಿ ಎತ್ತುವಷ್ಟು ಬಲ. ಗೇಜಿನ ನಳಿಗೆ ಜೋಡಿಸಿರುವ ಜಾಗವೇ ಕೆರೆಯ ಮಟ್ಟಕ್ಕಿಂತ ಎರಡು ಮೂರು ಅಡಿ ಮೇಲಿದೆ. ಅಷ್ಟು ಎತ್ತಿದ ಮೇಲೂ ಉಳಿದ ಒತ್ತಡವನ್ನೇ ಮುಳ್ಳು ತೋರಿಸುವುದು.

ಆದ್ದರಿಂದ ಎಂಜಿನ್ ಆರೋಗ್ಯವಾಗಿರುವಾಗಲೇ ಅದರ ಜಾತಕ ಬರೆದಿಟ್ಟುಕೊಳ್ಳಿ. ಹೊಸ ಇಂಪೆಲ್ಲರ್ ಹಾಕಿದ ವಾರದಲ್ಲೇ, ಹತ್ತು ನಿಮಿಷ ಓಡಿಸಿ ಬಿಸಿಮಾಡಿ, ಸ್ಲೋ, 1500, 2500, 3500, 4500 ಮತ್ತು ಪೂರ್ತಿ ಥ್ರಾಟಲ್, ಈ ಆರು ಕಡೆ ತಲಾ ಒಂದು ನಿಮಿಷ ನಿಂತು ಮುಳ್ಳು ನೋಡಿ ಬರೆಯಿರಿ. ದೋಣಿಯಲ್ಲಿ ಎಷ್ಟು ಜನ ಇದ್ದರು, ಟ್ರಿಮ್, ಅಂದರೆ ಎಂಜಿನ್ನನ್ನು ಓರೆಗೆ ಎತ್ತಿದ್ದು, ಎಷ್ಟಿತ್ತು ಎಂಬುದೂ ಇರಲಿ. ಬಿಸಿಮಾಡದೆ ಅಳೆದರೆ ಥರ್ಮೋಸ್ಟಾಟ್ ಮುಚ್ಚಿರುವ ಕಾರಣ ಮುಳ್ಳು ಸುಳ್ಳೇ ಮೇಲಿರುತ್ತದೆ. ಮುಂದೆ ಯಾವತ್ತಾದರೂ ಇದೇ ಆರ್‌ಪಿಎಂನಲ್ಲಿ 2-3 ಪಿಎಸ್‌ಐ ವ್ಯತ್ಯಾಸ ಕಂಡರೆ ಅದು ಸುದ್ದಿ. ಪಕ್ಕದ ದೋಣಿಯವನ ಗೇಜಿಗೆ ಹೋಲಿಸುವುದು ದಂಡ.

ಗೇಜು ಇಲ್ಲದಿದ್ದರೆ ಹಾಕಿಸುವುದು ಕಷ್ಟವಲ್ಲ. ಎಂಜಿನ್ ಬ್ಲಾಕಿನಲ್ಲಿ ಇದಕ್ಕೆಂದೇ ಒಂದು ಪ್ಲಗ್ ಇರುತ್ತದೆ, ಮ್ಯಾನುಯಲ್‌ನಲ್ಲಿ ಅದರ ಜಾಗ ಗುರುತಿಸಿರುತ್ತಾರೆ. ಪ್ಲಗ್ ತೆಗೆದು ನಿಪ್ಪಲ್ ಹಾಕಿ, ಕಾಲಿಂಚಿನ ನಳಿಗೆಯನ್ನು ಡ್ಯಾಶಿನ ಗೇಜಿಗೆ ಎಳೆಯಬೇಕು. 0ಯಿಂದ 30 ಪಿಎಸ್‌ಐ ಅಳೆಯುವ ಗೇಜೇ ಬೇಕು. ಲಾರಿಯ ಆಯಿಲ್ ಗೇಜು ಸುಲಭವಾಗಿ ಸಿಗುತ್ತದೆ ಎಂದು 100 ಪಿಎಸ್‌ಐನದು ಕೂರಿಸಿದರೆ ಸ್ಲೋದ 2 ಪಿಎಸ್‌ಐ ಸೊನ್ನೆಯ ಗೆರೆಯಲ್ಲೇ ಮುಳುಗಿಹೋಗುತ್ತದೆ.

ಮುಳ್ಳು ಮತ್ತು ಬಿಸಿ, ಎರಡನ್ನೂ ಕೂಡಿಸಿ ಓದಿ

ಒತ್ತಡ ಎಲ್ಲ ವೇಗದಲ್ಲೂ ಕಮ್ಮಿ, ಎಂಜಿನ್ ಬಿಸಿ: ನೀರು ಮೇಲೆ ಬರುತ್ತಲೇ ಇಲ್ಲ. ಜಾಲರಿ ಕಟ್ಟಿದೆ, ಇಂಪೆಲ್ಲರ್ ಸವೆದಿದೆ ಅಥವಾ ಮೇಲಕ್ಕೆ ಹೋಗುವ ಕೊಳವೆಯ ಬುಡದ ರಬ್ಬರ್ ಬುಷ್ ಸೋರುತ್ತಿದೆ. ಜಾಲರಿಯಿಂದ ಶುರುಮಾಡಿ, ಅದಕ್ಕೆ ಖರ್ಚಿಲ್ಲ.

ಒತ್ತಡ ಮಾಮೂಲಿಗಿಂತ ಜಾಸ್ತಿ, ಎಂಜಿನ್ನೂ ಬಿಸಿ: ಇದು ಡ್ರಿಪ್ ಫಿಲ್ಟರ್ ಕಟ್ಟಿದ ಕತೆ. ಪಂಪು ಚೆನ್ನಾಗಿದೆ, ಗೇಜಿನಿಂದ ಮುಂದೆ ಎಲ್ಲೋ ದಾರಿ ಮುಚ್ಚಿದೆ. ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಬ್ಲಾಕಿನ ಸಂದಿಗಳಲ್ಲಿ ಕೆಸರು, ಬಿಳಿ ಸುಣ್ಣದ ಹಕ್ಕಳೆ ಕೂತಿದೆ. ಮುಳ್ಳು ಮೇಲಿದೆಯಲ್ಲ ಎಂದು ನಿಶ್ಚಿಂತೆಯಿಂದ ಓಡಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಳ್ಳುವುದು ಇಲ್ಲೇ.

ಸ್ಲೋದಲ್ಲಿ ಬಿಸಿ, ಜೋರಾಗಿ ಹೋದರೆ ತಣ್ಣಗಾಗುತ್ತದೆ: ಮೆಕ್ಯಾನಿಕ್‌ಗಳು ವಾದಿಸುವುದು ಈ ಲಕ್ಷಣದ ಮೇಲೆ. ಒಬ್ಬರು ಥರ್ಮೋಸ್ಟಾಟ್ ಎನ್ನುತ್ತಾರೆ, ಇನ್ನೊಬ್ಬರು ಇಂಪೆಲ್ಲರ್ ಎನ್ನುತ್ತಾರೆ. ಇಬ್ಬರೂ ಸರಿಯಿರಬಹುದು, ತೀರ್ಪು ಗೇಜಿನದು. ಸ್ಲೋದಲ್ಲಿ ಒತ್ತಡ ನಿಮ್ಮ ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಮ್ಮಿಯಿದ್ದರೆ ಇಂಪೆಲ್ಲರ್. ಅಷ್ಟೇ ಇದ್ದರೆ ಅಥವಾ ಹೆಚ್ಚಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ. ಜೋರಾದಾಗ ಪ್ರೆಶರ್ ವಾಲ್ವ್ ತೆರೆದು ಬೇರೆ ದಾರಿ ಸಿಗುವುದರಿಂದ ಎಂಜಿನ್ ತಣಿಯುತ್ತದೆ.

ಸ್ಲೋದಲ್ಲಿ ಸರಿಯಿದ್ದು ವೇಗ ಏರಿಸಿದಾಗ ಮುಳ್ಳು ಕುಸಿದರೆ ಅಥವಾ ಕುಣಿದರೆ ನೀರಿನ ಜೊತೆ ಗಾಳಿ ಸೇರುತ್ತಿದೆ. ಎಂಜಿನ್ ತೀರಾ ಮೇಲೆ ಕೂತಿರಬಹುದು, ಟ್ರಿಮ್ ಅತಿಯಾಗಿ ಎತ್ತಿರಬಹುದು. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದಿಂಚು ಕೆಳಗಿರಬೇಕು. 20 ಇಂಚಿನ ಹಿಂಬದಿ ಹಲಗೆಗೆ 15 ಇಂಚಿನ ಗಿಡ್ಡ ಕಾಲಿನ ಎಂಜಿನ್ ಕಟ್ಟಿದ ದೋಣಿಯಲ್ಲಿ ಯಾವ ಇಂಪೆಲ್ಲರ್ ಹಾಕಿದರೂ ಈ ಕಾಟ ತಪ್ಪದು.

ಒತ್ತಡ ಕಮ್ಮಿ, ಎಂಜಿನ್ ಬಿಸಿಯೇ ಆಗುವುದಿಲ್ಲ: ಥರ್ಮೋಸ್ಟಾಟ್ ಅಥವಾ ಪ್ರೆಶರ್ ವಾಲ್ವಿನ ಬಾಯಲ್ಲಿ ಮರಳಿನ ಹರಳು ಸಿಕ್ಕಿ ತೆರೆದೇ ಉಳಿದಿದೆ. ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ ಎನ್ನಬೇಡಿ. ಫೋರ್ ಸ್ಟ್ರೋಕ್ ಎಂಜಿನ್ ಸದಾ ತಣ್ಣಗೆ ಓಡಿದರೆ ಸುಡದ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದು, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಇದನ್ನು ಅನುಮಾನಿಸಿ.

ಮುಳ್ಳು ಸೊನ್ನೆಗೆ ಬಿದ್ದಿದೆ, ಆದರೆ ಎಂಜಿನ್ನಿನ ಹಿಂದೆ ಚಿಮ್ಮುವ ಪಿಚಕಾರಿ ನೀರು ಎಂದಿನಂತಿದೆ, ಬಿಸಿಯೂ ಮಾಮೂಲಿ: ಗೇಜಿನ ನಳಿಗೆ ಮಡಚಿದೆ ಅಥವಾ ನಿಪ್ಪಲ್ಲಿನ ಕಿರಿದಾದ ತೂತಿಗೆ ಕೆಸರು ಮೆತ್ತಿದೆ. ಎಂಜಿನ್ ಬಿಚ್ಚಬೇಡಿ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಗನ್ ಸಾಕು. ಥರ್ಮೋಸ್ಟಾಟ್ ಮುಚ್ಚಳದ ಹತ್ತಿರ, ಬಣ್ಣ ಬಳಿದಿರುವ ಜಾಗಕ್ಕೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಅಂಕಿ ಕಮ್ಮಿ ಬರುತ್ತದೆ. 60 ಡಿಗ್ರಿ ಥರ್ಮೋಸ್ಟಾಟ್ ಇರುವ ಎಂಜಿನ್ 55ರಿಂದ 70ರೊಳಗೆ ಇರಬೇಕು. 80 ದಾಟಿದರೆ ದಡಕ್ಕೆ ಹೊರಡಿ.

ಪಿಚಕಾರಿ ನೀರು ಹೇಳುವುದೂ ಹೇಳದ್ದೂ

ಎಂಜಿನ್ನಿನ ಹಿಂದೆ ಸಣ್ಣ ತೂತಿನಿಂದ ಚಿಮ್ಮುವ ನೀರಿಗೆ ಇಂಗ್ಲಿಷಿನವರು ಟೆಲ್‌ಟೇಲ್ ಅಂತ ಹೆಸರಿಟ್ಟಿದ್ದಾರೆ, ಅಂದರೆ ಚಾಡಿಕೋರ. ಆದರೆ ಈ ಚಾಡಿಕೋರನಿಗೆ ಅರ್ಧ ಸುದ್ದಿ ಮಾತ್ರ ಗೊತ್ತು. ಪಂಪು ನೀರನ್ನು ಮೇಲಕ್ಕೆ ತಂದಿದೆ ಎಂಬುದಷ್ಟೇ ಅವನ ವರದಿ. ಹೆಚ್ಚಿನ ಎಂಜಿನ್ನುಗಳಲ್ಲಿ ಆ ನೀರು ಥರ್ಮೋಸ್ಟಾಟಿಗಿಂತ ಮೊದಲೇ ಕವಲೊಡೆಯುವುದರಿಂದ, ಥರ್ಮೋಸ್ಟಾಟ್ ಮುಚ್ಚಿ ಹೆಡ್ ಕಾಯುತ್ತಿದ್ದರೂ ಪಿಚಕಾರಿ ಚೆನ್ನಾಗಿಯೇ ಹೊಡೆಯುತ್ತಿರುತ್ತದೆ.

ಇದರ ತಿರುಗುಮುರುಗೂ ಉಂಟು. ಪಂಪು ಸರಿಯಿದ್ದು ತೂತು ಮಾತ್ರ ಮುಚ್ಚಿರುತ್ತದೆ. ಎರಡು ತಿಂಗಳು ದಡದಲ್ಲಿ ನಿಂತ ದೋಣಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಆ ತೂತು ಹೇಳಿಮಾಡಿಸಿದ ಮನೆ. ದಪ್ಪ ತಂಗೂಸಿಯನ್ನು ಒಂದು ಗೇಣು ಕತ್ತರಿಸಿ ಒಳಗೆ ಆಡಿಸಿದರೆ ಗೂಡು ಪುಡಿಯಾಗುತ್ತದೆ. ಕಬ್ಬಿಣದ ತಂತಿ ಬೇಡ, ಒಳಗಿನ ರಬ್ಬರ್ ನಳಿಗೆ ತೂತಾಗುತ್ತದೆ.

ನಮ್ಮ ನೀರಿನ ಗುಣ

ಉಪ್ಪು ನೀರಿಲ್ಲ, ತುಕ್ಕಿನ ಭಯವಿಲ್ಲ ಎಂದು ಸಮಾಧಾನ ಪಡುವುದು ಅರ್ಧ ಸರಿ. ನಮ್ಮಲ್ಲಿ ಎಂಜಿನ್ ಕೊಲ್ಲುವುದು ಹೂಳು. ಶಾಂತಿಸಾಗರ, ಅಂದರೆ ಸೂಳೆಕೆರೆಯ ಅಂಚಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಪ್ರೊಪೆಲ್ಲರ್ ತಳದ ಕೆಸರನ್ನು ಕಲಕಿ ಮೇಲೆಬ್ಬಿಸುತ್ತದೆ, ಅದೇ ನೀರನ್ನು ಜಾಲರಿ ಒಳಗೆಳೆದುಕೊಳ್ಳುತ್ತದೆ. ಸೊಂಟದ ಆಳಕ್ಕಿಂತ ಕಮ್ಮಿ ಇರುವಲ್ಲಿ ಎಂಜಿನ್ ಎತ್ತಿ, ಹುಟ್ಟು ಹಾಕಿಕೊಂಡು ಅಥವಾ ಗಳದಲ್ಲಿ ತಳ್ಳಿಕೊಂಡು ಬನ್ನಿ. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಸಮಸ್ಯೆ ಮರಳಿನದು. ಅದು ಇಂಪೆಲ್ಲರಿನ ರೆಕ್ಕೆಯನ್ನೂ ಬಟ್ಟಲಿನ ಗೋಡೆಯನ್ನೂ ಉಪ್ಪುಕಾಗದದಂತೆ ಉಜ್ಜುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ನೀರು ಕಾಣದ ಅಂಚುಗಳಲ್ಲಿ ಬೆಳೆದ ಗಿಡಗಂಟಿ ಮುಳುಗಿರುವ ಕಡೆ ಕೊಳೆತ ಎಲೆ, ತೊಗಟೆ ಜಾಲರಿಗೆ ಬಂದು ಅಂಟುತ್ತದೆ. ಊರ ಪಕ್ಕದ ಕೆರೆಗಳಲ್ಲಿ ಅಂತರಗಂಗೆಯ ಬೇರು, ಪ್ಲಾಸ್ಟಿಕ್ ಕವರು. ಕವರು ಜಾಲರಿಗೆ ಅಂಟಿದಾಗ ಮುಳ್ಳು ಒಮ್ಮೆಲೇ ಬೀಳುತ್ತದೆ. ನ್ಯೂಟ್ರಲ್‌ಗೆ ತಂದು, ಎಂಜಿನ್ ನಿಲ್ಲಿಸಿದರೆ ಎಷ್ಟೋ ಸಲ ಅದು ತಾನಾಗಿ ಕಳಚಿಕೊಳ್ಳುತ್ತದೆ.

ಕೆಸರು ನೀರಿನಲ್ಲಿ ಓಡಿಸಿದ ದಿನ ತೊಳೆಯಲೇಬೇಕು. ಜಾಲರಿಗೆ ಕಿವಿಮುಚ್ಚುಗದಂಥ ರಬ್ಬರ್ ಕಪ್ಪು ಕೂರಿಸಿ ಪೈಪಿನ ನೀರು ಬಿಡಿ. ಮೊದಲು ನೀರು, ಆಮೇಲೆ ಸ್ಟಾರ್ಟ್. ಪ್ರೊಪೆಲ್ಲರ್ ಬಿಚ್ಚಿಟ್ಟು, ಸ್ಲೋದಲ್ಲಿ ಹತ್ತು ನಿಮಿಷ. ಇಲ್ಲವೇ 200 ಲೀಟರಿನ ಡ್ರಮ್ಮಿನಲ್ಲಿ ಕಾಲು ಇಳಿಸಿ, ಅಗಲ ತಟ್ಟೆಯ ಮೇಲೆ ಒಂದು ಗೇಣು ನೀರು ನಿಲ್ಲುವಂತೆ ತುಂಬಿ. ಎಂಜಿನ್ನಿನ ಮೇಲ್ಭಾಗದ ಹೋಸ್ ಕನೆಕ್ಷನ್‌ನಿಂದ ತೊಳೆಯುವುದಾದರೆ, ಮ್ಯಾನುಯಲ್ ಬೇರೆ ಹೇಳದ ಹೊರತು, ಎಂಜಿನ್ ಆಫ್ ಇರಲಿ. ಆ ನೀರು ಇಂಪೆಲ್ಲರಿಗೆ ಸರಿಯಾಗಿ ತಲುಪುವುದಿಲ್ಲ, ಒಣಗಿ ತಿರುಗಿದ ರಬ್ಬರ್ ನಿಮಿಷದೊಳಗೆ ಸುಟ್ಟುಹೋಗುತ್ತದೆ.

ತೊಳೆಯಲು ಬೋರಿನ ನೀರು ಬಳಸುವಾಗ ಒಂದು ಎಚ್ಚರ. ನಮ್ಮ ಬೋರಿನ ನೀರು ಗಡಸು, ಟೀ ಪಾತ್ರೆಯ ತಳದ ಬಿಳಿ ಹಕ್ಕಳೆಯೇ ಸಾಕ್ಷಿ. ಬಿಸಿ ಬ್ಲಾಕಿನೊಳಗೆ ಅದೇ ನೀರು ನಿಂತು ಆರಿದರೆ ಅದೇ ಹಕ್ಕಳೆ. ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಉತ್ತಮ. ಯಾವ ನೀರಾದರೂ ತೊಳೆದ ಮೇಲೆ ಎಂಜಿನ್ ನೆಟ್ಟಗೆ ನಿಲ್ಲಿಸಿ, ಪೂರ್ತಿ ಬಸಿಯಲು ಬಿಡಿ. ಹಕ್ಕಳೆ ಬಿಡಿಸಲು ಬಚ್ಚಲು ತೊಳೆಯುವ ಆಸಿಡ್ ಸುರಿಯಬೇಡಿ, ಅಲ್ಯೂಮಿನಿಯಂ ತಿಂದುಬಿಡುತ್ತದೆ.

ಇಂಪೆಲ್ಲರ್ ಬದಲಿಸುವುದು

ಕಂಪನಿಗಳ ಪುಸ್ತಕದಲ್ಲಿ ಎರಡು ಮೂರು ವರ್ಷದ ಗಡುವು ಇರುತ್ತದೆ. ಹೂಳು ನೀರಿನಲ್ಲಿ ಓಡುವ ಎಂಜಿನ್ನಿಗೆ ವರ್ಷಕ್ಕೊಮ್ಮೆ ಅಥವಾ 100 ಗಂಟೆಗೊಮ್ಮೆ ಬಿಚ್ಚಿ ನೋಡಿ. ಎಂಜಿನ್ನಿನ ಸೀರಿಯಲ್ ನಂಬರು ಕೊಟ್ಟು ಪೂರ್ತಿ ಕಿಟ್ ತರಿಸಿ. ಬರೀ ಇಂಪೆಲ್ಲರ್ ತರಿಸಿ ಹಳೆಯ ಗ್ಯಾಸ್ಕೆಟ್ ಹಾಕುವುದು ಉಳಿತಾಯವಲ್ಲ.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಎಳೆದಿಡಿ. ಗೇರನ್ನು ಮ್ಯಾನುಯಲ್ ಹೇಳುವ ಸ್ಥಾನಕ್ಕೆ ತನ್ನಿ. ಪ್ರೊಪೆಲ್ಲರ್ ಮೇಲಿನ ಟ್ರಿಮ್ ಟ್ಯಾಬ್ ಎಂಬ ಚಿಕ್ಕ ಲೋಹದ ತುಂಡು ಎಷ್ಟು ಓರೆಯಿದೆ ಎಂದು ಮಾರ್ಕರಿನಲ್ಲಿ ಗೆರೆ ಎಳೆದು ಬಿಚ್ಚಿ, ಅದರಡಿ ಒಂದು ಬೋಲ್ಟ್ ಅಡಗಿರುವುದುಂಟು. ಗೇರ್ ರಾಡಿನ ಜೋಡಣೆ ಬಿಡಿಸಿ, ಕಾಲಿನ ಬೋಲ್ಟುಗಳನ್ನು ತೆಗೆದು, ಒಬ್ಬರು ಹಿಡಿದುಕೊಂಡಿರುವಾಗ ನೇರ ಕೆಳಕ್ಕೆ ಎಳೆಯಿರಿ.

ಪಂಪಿನ ಮುಚ್ಚಳ ನಾಲ್ಕು ಬೋಲ್ಟಿನದು. ಎತ್ತಿದಾಗ ಶಾಫ್ಟಿಗೂ ಇಂಪೆಲ್ಲರಿಗೂ ನಡುವಿನ ಚಿಕ್ಕ ಕೀ ತುಂಡು ಜಾರಿ ಬೀಳುತ್ತದೆ, ಕೆಳಗೆ ಬಿಳಿ ಬಟ್ಟೆ ಹಾಸಿರಿ. ಹಳೆಯ ಇಂಪೆಲ್ಲರನ್ನು ಕೈಯಲ್ಲಿ ಹಿಡಿದು ನೋಡಿ. ಆರೋಗ್ಯವಾದದ್ದರ ರೆಕ್ಕೆ ಬಟ್ಟಲಿನಿಂದ ಹೊರಬಂದ ಕೂಡಲೇ ನೆಟ್ಟಗಾಗುತ್ತದೆ. ಮುದಿಯಾದದ್ದು ಬಾಗಿದಲ್ಲೇ ಬಾಗಿರುತ್ತದೆ, ರೆಕ್ಕೆಯ ಬುಡ ಮಡಚಿದರೆ ಕೂದಲೆಳೆಯ ಬಿರುಕು ಬಾಯಿಬಿಡುತ್ತದೆ. ನಡುವಿನ ಹಿತ್ತಾಳೆ ಬುಷ್ಷನ್ನು ಒಂದು ಕೈಯಲ್ಲಿ, ರಬ್ಬರನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ. ಬಿಟ್ಟುಕೊಂಡಿದ್ದರೆ ಶಾಫ್ಟ್ ತಿರುಗುತ್ತದೆ, ರೆಕ್ಕೆ ತಿರುಗುವುದಿಲ್ಲ. ಕೊನೆಗೆ ರೆಕ್ಕೆ ಎಣಿಸಿ. ಆರಿರಬೇಕಾದಲ್ಲಿ ಐದಿದ್ದರೆ ಆರನೆಯದು ಎಂಜಿನ್ನಿನ ಯಾವುದೋ ಸಂದಿಯಲ್ಲಿದೆ. ಅದನ್ನು ಹುಡುಕಿ ತೆಗೆಯದೆ ಹೊಸದು ಹಾಕಿದರೆ ಒಂದು ಸಿಲಿಂಡರಿಗೆ ಮಾತ್ರ ನೀರು ತಪ್ಪುತ್ತದೆ, ಗೇಜಿಗೆ ಅದು ಕಾಣಿಸುವುದೂ ಇಲ್ಲ.

ಸ್ಟೀಲ್ ಬಟ್ಟಲಿನ ಒಳಗೋಡೆ, ಕೆಳಗಿನ ತಟ್ಟೆ ಎರಡರ ಮೇಲೂ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಅವನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ರಬ್ಬರ್ ಹಾಕಿಯೂ ಹಳೆಯ ಒತ್ತಡವೇ.

ಹೊಸದನ್ನು ಕೂರಿಸುವಾಗ ಗ್ಲಿಸರಿನ್ ಅಥವಾ ಪಾತ್ರೆ ಸೋಪಿನ ನೀರು ಸವರಿ. ಮಾಮೂಲಿ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ಮುಚ್ಚಳ ಒತ್ತುತ್ತಾ ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಬಹುತೇಕ ಎಂಜಿನ್ನುಗಳಲ್ಲಿ ಅದು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕು. ಆಮೇಲೆ ಹಿಮ್ಮುಖ ತಿರುಗಿಸಿದರೆ ರೆಕ್ಕೆ ಮಗುಚುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಮ್ಯಾನುಯಲ್‌ನ ಟಾರ್ಕಿಗೆ ಬಿಗಿಯಿರಿ. ಶಾಫ್ಟಿನ ಮೇಲ್ತುದಿಯ ಹಲ್ಲುಗಳ ಪಕ್ಕಕ್ಕೆ ಮರೈನ್ ಗ್ರೀಸ್ ಹಚ್ಚಿ, ನೆತ್ತಿಗೆ ಹಚ್ಚಬೇಡಿ. ಅಲ್ಲಿ ಗ್ರೀಸು ತುಂಬಿದರೆ ಶಾಫ್ಟ್ ಪೂರ್ತಿ ಒಳಗೆ ಕೂರುವುದಿಲ್ಲ.

ಹೆಚ್ಚಿನವರು ಎಡವುವುದು ಜೋಡಿಸುವಾಗ. ಕಾಲನ್ನು ಮೇಲೆತ್ತುವಾಗ ನೀರಿನ ಕೊಳವೆಯ ತುದಿ ಪಂಪಿನ ರಬ್ಬರ್ ಬುಷ್ಷಿನೊಳಗೇ ಇಳಿಯಬೇಕು. ಪಕ್ಕಕ್ಕೆ ಜಾರಿದರೂ ಬೋಲ್ಟುಗಳು ಚೆನ್ನಾಗಿಯೇ ಬಿಗಿಯುತ್ತವೆ, ನೀರು ಮಾತ್ರ ಒಳಗೇ ಚೆಲ್ಲಿ ಕೆಳಗಿಳಿಯುತ್ತದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೆ ಒತ್ತಡ ಮೊದಲಿಗಿಂತ ಕಮ್ಮಿಯಾದರೆ ಇದೇ ಕಾರಣ ಎಂದು ಹತ್ತಕ್ಕೆ ಒಂಬತ್ತು ಪಾಲು ಹೇಳಬಹುದು. ಟಾರ್ಚ್ ಹಿಡಿದು ಸಂದಿಯಿಂದ ನೋಡುತ್ತಾ ಎತ್ತಿ. ಡ್ರಮ್ಮಿನಲ್ಲಿ ಸ್ಟಾರ್ಟ್ ಮಾಡಿದ ಅರ್ಧ ನಿಮಿಷದಲ್ಲಿ ಪಿಚಕಾರಿ ಬರದಿದ್ದರೆ ನಿಲ್ಲಿಸಿ.

ಥರ್ಮೋಸ್ಟಾಟ್ ಪರೀಕ್ಷೆಗೆ ಒಂದು ಪಾತ್ರೆ ಸಾಕು

ಬಿಚ್ಚಿ ತೆಗೆದು, ಬಾಯಿಯ ಸಂದಿಗೆ ಹೊಲಿಗೆ ದಾರದ ತುದಿ ಸಿಕ್ಕಿಸಿ, ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ನೇತುಹಾಕಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಬಾಯಿ ತೆರೆದ ಕ್ಷಣ ಥರ್ಮೋಸ್ಟಾಟ್ ದಾರದಿಂದ ಕಳಚಿ ಟಣ್ ಎಂದು ತಳಕ್ಕೆ ಬೀಳುತ್ತದೆ. ಆ ಹೊತ್ತಿನ ಅಂಕಿ, ಅದರ ಮೇಲೆ ಅಚ್ಚಾಗಿರುವ ಅಂಕಿಗೆ ಎರಡು ಮೂರು ಡಿಗ್ರಿ ಆಚೀಚೆ ಇರಬೇಕು. ಇನ್ನು 10 ಡಿಗ್ರಿ ಏರಿದಾಗ ಪೂರ್ತಿ ತೆರೆದಿರಬೇಕು, ತಣ್ಣಗಾದಾಗ ಬೆಳಕು ಕಾಣದಂತೆ ಮುಚ್ಚಬೇಕು. ಥರ್ಮಾಮೀಟರ್ ಮೇಲೆ ಅನುಮಾನವಿದ್ದರೆ ಕುದಿಯುವ ನೀರಿಗೆ ಹಿಡಿಯಿರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವುದರಿಂದ 98ರ ಹತ್ತಿರ ತೋರಿಸಬೇಕು, 100 ಅಲ್ಲ.

ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಓಡಿಸುವ ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ. ಆಯಿಲಿಗೆ ಪೆಟ್ರೋಲ್ ಇಳಿಯುವ ಮೇಲಿನ ಕತೆ ಅವರಿಗೂ ಓದಿ ಹೇಳಿ.

ನೀರಿನ ಮೇಲೆ ಅಲಾರಂ ಕೂಗಿದರೆ

ಥ್ರಾಟಲ್ ಪೂರ್ತಿ ಇಳಿಸಿ ನ್ಯೂಟ್ರಲ್‌ಗೆ ತನ್ನಿ. ಪಿಚಕಾರಿ ನೋಡಿ. ನೀರು ಬರುತ್ತಿದ್ದರೆ ಒಂದೆರಡು ನಿಮಿಷ ಸ್ಲೋದಲ್ಲೇ ಬಿಟ್ಟು ಅಲಾರಂ ನಿಲ್ಲುತ್ತದೆಯೇ ಗಮನಿಸಿ. ಬರದಿದ್ದರೆ ತಕ್ಷಣ ಆಫ್ ಮಾಡಿ, ಎಂಜಿನ್ ಎತ್ತಿ ಎರಡೂ ಪಕ್ಕದ ಜಾಲರಿ ತಡವಿ ಸ್ವಚ್ಛಗೊಳಿಸಿ. ಇಳಿಸಿ ಸ್ಟಾರ್ಟ್ ಮಾಡುವ ಮುನ್ನ 15-20 ನಿಮಿಷ ಆರಲು ಬಿಡಿ. ಮತ್ತೂ ಕೂಗಿದರೆ ಎಂಜಿನ್ ಆಸೆ ಬಿಟ್ಟು ಹುಟ್ಟು ಹಿಡಿಯಿರಿ. ಕಾದ ಬ್ಲಾಕಿನ ಮೇಲೆ ಬೊಗಸೆಯಲ್ಲಿ ನೀರು ಎರಚಬೇಡಿ, ಹೆಡ್ ಸೊಟ್ಟಗಾಗುತ್ತದೆ. ಆರುವವರೆಗೆ ಲಂಗರು ಹಾಕಿ ನಿಲ್ಲಿ, ಕೆರೆ ಕೋಡಿ ಬಿದ್ದಿರುವ ದಿನಗಳಲ್ಲಂತೂ ಎಂಜಿನ್ ಆಫ್ ಮಾಡಿದ ಕ್ಷಣವೇ ಲಂಗರು ನೀರಿಗೆ ಬೀಳಬೇಕು. ಎಂಜಿನ್ ಇಲ್ಲದ ದೋಣಿಯನ್ನು ಸೆಳೆತ ಕೋಡಿಯ ಕಡೆಗೇ ಒಯ್ಯುತ್ತದೆ.